ಕಾಣಿಕೆಗಿಂತ ಮೊದಲು ಸಮಾಧಾನ

ಯಾರೊಂದಿಗಾದರೂ ಮನಸ್ತಾಪವಾದಾಗ ಮನಸ್ಸಿನಲ್ಲೇ ಕ್ಷಮಿಸಿಬಿಟ್ಟರೆ ಸಾಕು ಎಂದು ಕ್ಷಮೆಯ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ; ಆ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 23 ಮತ್ತು 24ನೇ ವಚನಗಳಲ್ಲಿ ಯೇಸುಸ್ವಾಮಿಯವರು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗಬೇಕೆಂದು ಹೇಳುತ್ತಾರೆ. ಅದೂ ನಮಗೆ ಅವನ ಮೇಲೆ ಕೋಪವಿದ್ದಾಗಲ್ಲ, ಅವನ ಮನಸ್ಸಿನಲ್ಲಿ ನಮ್ಮ ಮೇಲೆ ಏನಾದರೂ ಇದ್ದಾಗ. ಈ ಭಾಗವನ್ನು ನಾವು ಓದುವಾಗ ಬೇಗ ದಾಟಿಬಿಡುತ್ತೇವೆ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ನೀರಿನ ಸರದಿಗಾಗಿ ಪಕ್ಕದ ಮನೆಯ ಕಾಕಿಯೊಂದಿಗೆ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದ ನನ್ನ ತಾಯಿ, ಒಂದು ಭಾನುವಾರ ಕನ್ನಡ ಆರಾಧನೆಗೆ ಹೊರಟವರು ಮೆಟ್ಟಿಲಿನಿಂದಲೇ ಹಿಂತಿರುಗಿ, ಬೈಬಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಆ ಕಾಕಿಯ ಬಾಗಿಲು ತಟ್ಟಿದರು. ತಪ್ಪು ಯಾರದೆಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಾಕಿ ಚಹಾಕ್ಕೆ ನೀರಿಟ್ಟರು. ಅಂದು ಅಮ್ಮನಿಗೆ ಆರಾಧನೆ ತಪ್ಪಿತು.