ಬಿಸಿಲಿಗೆ ಬೆಳೆಯುವ ಪೈಪು: ಡಲ್ಲಾಸ್‌ನ ಗೋಡೆ, ರಾಯಚೂರಿನ ಮಾಳಿಗೆ

ಕರೆಂಟಿನ ವೈರು ಎಳೆಯುವ ನೂರು ಅಡಿ ಉದ್ದದ ಪಿವಿಸಿ ಪೈಪು ಇದ್ದದ್ದಕ್ಕಿಂತ 100 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯೇರಿದರೆ ನಾಲ್ಕು ಇಂಚು ಬೆಳೆಯುತ್ತದೆ. ಅಮೆರಿಕದ ವಿದ್ಯುತ್ ನಿಯಮ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಕೋಷ್ಟಕವಿದೆ, ಅದರ ಪ್ರಕಾರ 4.06 ಇಂಚು. ಅಷ್ಟೇ ಉದ್ದದ ಉಕ್ಕಿನ ಪೈಪು ಒಂದು ಇಂಚೂ ಬೆಳೆಯುವುದಿಲ್ಲ. ಗೋಡೆಯ ಎರಡು ತುದಿಗೆ ಬಾಕ್ಸ್ ಬಿಗಿದು, ನಡುವಿನ ಪೈಪನ್ನು ಸಲ್ಯೂಷನ್ ಹಚ್ಚಿ ಅಂಟಿಸಿಬಿಟ್ಟರೆ ಆ ನಾಲ್ಕು ಇಂಚು ಹೋಗುವುದಾದರೂ ಎಲ್ಲಿಗೆ? ಬೇಸಿಗೆಯಲ್ಲಿ ಪೈಪು ಗೋಡೆ ಬಿಟ್ಟು ಹಾವಿನ ಹಾಗೆ ಡೊಂಕಾಗುತ್ತದೆ. ಚಳಿಗಾಲದಲ್ಲಿ ಕುಗ್ಗಿ ಬಾಕ್ಸಿನ ಕುತ್ತಿಗೆಯನ್ನೇ ಸೀಳುತ್ತದೆ, ಇಲ್ಲವೇ ಜಾಯಿಂಟ್ ಬಿಚ್ಚಿ ವೈರು ಹೊರಗೆ ಕಾಣುತ್ತದೆ.

ನಾನಿರುವ ಡಲ್ಲಾಸ್‌ನಲ್ಲಿ ಇದು ಪುಸ್ತಕದ ಬದನೆಕಾಯಿ ಅಲ್ಲ. 2021ರ ಫೆಬ್ರವರಿ 16ರಂದು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ ಎರಡು ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ಮೈನಸ್ 19 ಸೆಲ್ಸಿಯಸ್ ದಾಖಲಾಯಿತು. ಬೇಸಿಗೆಯಲ್ಲಿ 110 ಫ್ಯಾರನ್‌ಹೀಟ್ ಮುಟ್ಟಿದ್ದೂ ಉಂಟು. ನೇರ ಬಿಸಿಲಿಗೆ ಮೈಯೊಡ್ಡಿದ ಪೈಪಿಗೆ ಇನ್ನೊಂದು 30 ಡಿಗ್ರಿ ಸೇರಿಸಿ ಲೆಕ್ಕ ಹಾಕುವುದು ಇಲ್ಲಿಯವರ ರೂಢಿ. ನೇರವಾಗಿ ಹೋಗುವ ಪೈಪು 6 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುವಂತಿದ್ದರೆ ಎಕ್ಸ್‌ಪ್ಯಾನ್ಷನ್ ಫಿಟಿಂಗ್ ಹಾಕಲೇಬೇಕು ಎನ್ನುತ್ತದೆ ನಿಯಮದ 352.44ನೇ ಕಲಂ. ಒಂದು ದಪ್ಪ ಕೊಳವೆ, ಅದರೊಳಗೆ ಜಾರುವ ಇನ್ನೊಂದು ಸಣ್ಣ ಕೊಳವೆ, ನೀರು ಹೋಗದಂತೆ ನಡುವೆ ಒಂದು ರಬ್ಬರ್ ರಿಂಗು. ಫಿಟಿಂಗ್ ಎಂದರೆ ಇಷ್ಟೇ.

ಮನೆಗೆ ಕಾರಿನ ಚಾರ್ಜರ್ ಹಾಕಿಸಿದಾಗ ಪಶ್ಚಿಮದ ಗೋಡೆಯ ಮೇಲೆ ಸುಮಾರು 40 ಅಡಿ ಪೈಪು ಎಳೆಯಬೇಕಾಯಿತು. ಲೆಕ್ಕ ಹಾಕಿದರೆ ವರ್ಷದಲ್ಲಿ ಎರಡೂಕಾಲು ಇಂಚಿನ ಓಡಾಟ. ಬಂದಿದ್ದ ಮೆಕ್ಸಿಕೋ ಮೂಲದ ಎಲೆಕ್ಟ್ರಿಷಿಯನ್ ಮೊದಲು ಪೈಪಿನ ಬಿಸಿ ಅಳೆದ. ಜೂನ್ ತಿಂಗಳ ಮಧ್ಯಾಹ್ನ, ಪೈಪು ತನ್ನ ಪೂರ್ತಿ ಉದ್ದಕ್ಕೆ ಹತ್ತಿರ ಬಂದಿತ್ತು. ಹಾಗಾಗಿ ಒಳಕೊಳವೆಯನ್ನು ಬಹುಪಾಲು ಒಳಗೆ ತಳ್ಳಿ, ಸ್ವಲ್ಪವೇ ಜಾಗ ಬಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದ. ಇದೇ ಕೆಲಸ ಜನವರಿಯಲ್ಲಾಗಿದ್ದರೆ ಅದನ್ನು ಹೊರಗೆಳೆದು ಕೂರಿಸಬೇಕಿತ್ತು. ದಪ್ಪ ಕೊಳವೆಯ ಬಳಿಯ ಕ್ಲಾಂಪನ್ನು ಮಾತ್ರ ಬಿಗಿದ. ಉಳಿದ ಕ್ಲಾಂಪುಗಳಿಗೆ ಸ್ಕ್ರೂ ಹಾಕಿದ ಮೇಲೆ ಪೈಪನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಿ ನೋಡುತ್ತ ಹೋದ. ಒಂದು ಕಡೆ ಸರಿಯಲಿಲ್ಲ, ಅಲ್ಲಿ ಸ್ಕ್ರೂ ಕಾಲು ಸುತ್ತು ಸಡಿಲಿಸಿದ.

ಅಮೆರಿಕದವರೆಲ್ಲ ಹೀಗೇ ಮಾಡುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಬೀದಿಯ ಕನ್ನಡಿಗರೊಬ್ಬರ ಮನೆಯಲ್ಲಿ ಯಾರೋ ಗುತ್ತಿಗೆದಾರ ಬೇಸಿಗೆಯಲ್ಲಿ ಫಿಟಿಂಗನ್ನು ಪೂರ್ತಿ ಎಳೆದು ಕೂರಿಸಿ ಹೋಗಿದ್ದ. ತಪಾಸಣೆಗೆ ಬಂದವರು ಫಿಟಿಂಗ್ ಇದೆ ಎಂದು ನೋಡಿ ಸಹಿ ಹಾಕಿದರು. 2021ರ ಆ ಚಳಿಗೆ ಒಳಕೊಳವೆ ಕಳಚಿ ಹೊರಬಿತ್ತು. ಇನ್‌ಸ್ಪೆಕ್ಟರ್‌ಗೆ ಕಾಣುವುದು ಸಾಮಾನು, ಕೆಲಸ ಮಾಡಿದ ದಿನದ ಬಿಸಿಲು ಅವರಿಗೆಲ್ಲಿ ಕಾಣಬೇಕು?

ಇಲ್ಲಿಯವರು ಬುದ್ಧಿವಂತರು, ನಮ್ಮವರಿಗೆ ತಿಳಿಯದು ಎಂಬ ಮಾತು ನನಗೆ ಹಿಡಿಸುವುದಿಲ್ಲ. ಇಲ್ಲಿನ ಮರದ ಮನೆಗಳಲ್ಲಿ ಗೋಡೆಯೊಳಗೆ ಪೈಪೇ ಇರುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲನ್ನು ಮರದ ತೊಲೆಗಳ ನಡುವೆ ಹಾಗೇ ಎಳೆಯುತ್ತಾರೆ. (ಷಿಕಾಗೊ ಬೇರೆ ಮಾತು, ಅಲ್ಲಿ ಮನೆಯೊಳಗೂ ಲೋಹದ ಪೈಪೇ ಆಗಬೇಕು.) ಪಿವಿಸಿ ಪೈಪು ಇಲ್ಲಿನ ಮನೆಗಳಲ್ಲಿ ಕಾಣಿಸುವುದೇ ಹೊರಗೋಡೆಯ ಮೇಲೆ, ಇಲ್ಲವೇ ನೆಲದಡಿ. ಬಿಸಿಲಿನ ಪಾಠ ಅವರಿಗೆ ತಾನಾಗಿ ಸಿಕ್ಕಿತು. ನಮ್ಮಲ್ಲಿ ಹಾಗಲ್ಲ. ಸ್ಲ್ಯಾಬಿಗೆ ಕಂಬಿ ಕಟ್ಟಿದ ಮೇಲೆ ಕಾಂಕ್ರೀಟ್ ಸುರಿಯುವ ಮೊದಲು ಪೈಪು ಹಾಸಬೇಕು, ಫ್ಯಾನ್ ಬಾಕ್ಸ್ ತಪ್ಪದೆ ಕೂರಿಸಬೇಕು, ಆಮೇಲೆ ಗೋಡೆ ಕೊರೆದು ಬೋರ್ಡಿಗೆ ಇಳಿಸಬೇಕು. ವೈಬ್ರೇಟರ್ ಹೊಡೆತಕ್ಕೂ ಪೈಪು ಅಲುಗದಂತೆ ಕಟ್ಟುವ ನಮ್ಮ ಹುಡುಗರ ಕೈಚಳಕ ಇಲ್ಲಿಯ ಎಷ್ಟೋ ಜನರಿಗೆ ಇಲ್ಲ. ಕಾಂಕ್ರೀಟಿನೊಳಗೆ ಪೈಪಿಗೆ ಬಿಸಿಲು ತಾಗುವುದಿಲ್ಲ, ಸುತ್ತಲಿನ ಕಾಂಕ್ರೀಟು ಅದನ್ನು ಅಲುಗಲೂ ಬಿಡುವುದಿಲ್ಲ. ಹಿಗ್ಗುವ ಲೆಕ್ಕ ಯಾರಿಗೆ ಬೇಕಿತ್ತು?

ಈಗ ಬೇಕು, ಏಕೆಂದರೆ ಪೈಪು ಗೋಡೆಯಿಂದ ಹೊರಗೆ ಬಂದಿದೆ. ಮನೆಯ ಮಾಳಿಗೆಗೆ ಸೋಲಾರ್ ಹಾಕಿಸಲು 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಗುರಿಯೇ ಒಂದು ಕೋಟಿ ಮನೆ. ಸೋಲಾರ್ ಫಲಕದಿಂದ ಇನ್ವರ್ಟರ್‌ವರೆಗೆ, ಮಾಳಿಗೆಯ ಕುಂಬಿಯ ಉದ್ದಕ್ಕೂ, ಬಯಲು ಬಿಸಿಲಿನಲ್ಲಿ ಪೈಪು ಓಡುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಮೇ ತಿಂಗಳ ರಾಯಚೂರಿನಲ್ಲಿ ಮಾಳಿಗೆಯ ಪೈಪು ಮಧ್ಯಾಹ್ನ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ಬೆಳಗಿನ ಜಾವ 28ಕ್ಕೆ ಇಳಿಯಿತು ಎನ್ನಿ. 15 ಮೀಟರ್ ಪೈಪು ಆ ಒಂದೇ ದಿನದಲ್ಲಿ ಸುಮಾರು ಮೂರು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಡಲ್ಲಾಸ್‌ನ ನನ್ನ ಗೋಡೆ ವರ್ಷಕ್ಕೆ ಕಾಣುವ ಓಡಾಟದ ಅರ್ಧ!

ಊರಿಗೆ ಹೋದಾಗ ಅಣ್ಣನ ಮಾಳಿಗೆಯ ಮೇಲೆ ಪೈಪು ಎರಡು ಕ್ಲಾಂಪುಗಳ ನಡುವೆ ಬಿಲ್ಲಿನಂತೆ ಎದ್ದಿತ್ತು. ಬಂದ ಎಲೆಕ್ಟ್ರಿಷಿಯನ್, "ಬಿಸ್ಲಿಗಿ ಪೈಪು ಡೊಂಕ ಆಗ್ತಾವ್ರೀ ಅಣ್ಣಾರ, ಅದು ಹಂಗ. ನಡುವ ಇನ್ನೊಂದೆರಡು ಕ್ಲಾಂಪ್ ಹೊಡಿತೀನಿ, ಸುಮ್ಮನಾಗ್ತೈತಿ" ಎಂದ. ರೋಗಕ್ಕೆ ಕೊಟ್ಟ ಮದ್ದೇ ರೋಗ ಹೆಚ್ಚಿಸುವುದು ಇಲ್ಲಿ. ನಡುವೆ ಒತ್ತಿ ಹಿಡಿದಷ್ಟೂ ಒತ್ತಡ ತುದಿಗಳಿಗೆ ಹೋಗುತ್ತದೆ, ಒಡೆಯುವುದು ಜಂಕ್ಷನ್ ಬಾಕ್ಸು. ಕ್ಲಾಂಪು ಹತ್ತಿರ ಹತ್ತಿರ ಇದ್ದರೆ ತೊಂದರೆಯಿಲ್ಲ, ಅಮೆರಿಕದಲ್ಲೂ ಒಂದು ಇಂಚಿನ ಪೈಪಿಗೆ ಮೂರು ಅಡಿಗೊಂದು ಕ್ಲಾಂಪು ಬೇಕು. ಆದರೆ ಅವು ಪೈಪನ್ನು ಹೊರಬೇಕು, ಹಿಸುಕಬಾರದು. ಹೀಗೆಂದಾಗ ಅವನ ಉತ್ತರ: "ಸಡ್ಲ ಬಿಟ್ರ ಮಾಲಕರು ಬೈತಾರ್ರೀ, ಕೆಲಸ ಲೂಸ್ ಮಾಡ್ಯಾನ ಅಂತಾರ." ಪಕ್ಕದಲ್ಲೇ ನಿಂತಿದ್ದ ಅಣ್ಣ ಹೌದೆನ್ನುವಂತೆ ತಲೆಯಾಡಿಸಿದ.

ಮಣ್ಣಿನ ವಿಷಯಕ್ಕೆ ಬಂದರೆ ಡಲ್ಲಾಸ್‌ಗೂ ರಾಯಚೂರಿಗೂ ಅಂತರವೇ ಇಲ್ಲ. ಎರಡೂ ಕಡೆ ಕಪ್ಪು ಎರೆ ಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ನೆಲದೊಳಗಿನಿಂದ ಮೀಟರ್ ಬಾಕ್ಸಿಗೆ ಏರುವ ಪೈಪನ್ನು ಕುಸಿಯುವ ಮಣ್ಣು ಕೆಳಗೆ ಜಗ್ಗುತ್ತದೆ ಎಂದು ಇಲ್ಲಿ ಆ ಜಾಗಕ್ಕೂ ಜಾರುವ ಫಿಟಿಂಗ್ ಹಾಕುತ್ತಾರೆ. ನಮ್ಮ ಹೊಲಗಳಲ್ಲಿ ಬೋರಿನ ಸ್ಟಾರ್ಟರ್ ಡಬ್ಬಿಗೆ ಏರುವ ಪೈಪಿಗೂ ಇದೇ ಗತಿ.

ಆ ಫಿಟಿಂಗ್ ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ಸಿಗಲಿಲ್ಲ, ಸಿಗದಿದ್ದರೂ ನಡೆಯುತ್ತದೆ. ಉದ್ದದ ಪೈಪನ್ನು ನಡುವೆ ಒಂದೇ ಕಡೆ ಬಿಗಿದು, ಎರಡೂ ತುದಿಯಲ್ಲಿ ಬಾಕ್ಸಿಗೆ ಮುಟ್ಟುವ ಮೊದಲು ಒಂದೊಂದು ಅಡಿ ಬಿಸಿಲು ತಡೆಯುವ ಫ್ಲೆಕ್ಸಿಬಲ್ ಪೈಪನ್ನು ಸ್ವಲ್ಪ ಬಾಗಿಸಿ ಹಾಕಿ, ಒಳಗೆ ವೈರನ್ನೂ ತುಸು ಸಡಿಲ ಬಿಟ್ಟರೆ ಆಯಿತು. ಖರ್ಚು ಕೆಲವು ನೂರು ರೂಪಾಯಿ. ಸೋಲಾರ್ ಕಂಪನಿಯವರ ಕೊಟೇಷನ್ನಿನಲ್ಲಿ ಫಲಕದ ವಾಟು, ಕಂಬಿಯ ದಪ್ಪ, ಕೇಬಲ್ಲಿನ ಬ್ರ್ಯಾಂಡು ಎಲ್ಲ ಇರುತ್ತದೆ, ಇದರ ಒಂದು ಸಾಲೂ ಸೇರಲಿ. ಮಾಲಕರೂ ಕಡೆಯ ಕಂತು ಕೊಡುವ ಮೊದಲು ಮಾಳಿಗೆ ಹತ್ತಿ ಪೈಪನ್ನು ಕೈಯಿಂದ ಸರಿಸಿ ನೋಡಲಿ. ಸರಿಯದಿದ್ದರೆ ಸ್ಕ್ರೂ ಸಡಿಲಿಸಲು ಹೇಳಿ, ಆಮೇಲೆ ಹಣ ಕೊಡಲಿ.