ಎಬ್ಬಿಸುವ ಹಕ್ಕು

ಲಿನಕ್ಸ್ ಹಾಕಿದ ಲ್ಯಾಪ್‌ಟಾಪನ್ನು ಮಲಗಿಸುವುದು ಕಷ್ಟವಲ್ಲ. ಸಸ್ಪೆಂಡ್ ಒತ್ತಿದರೆ ಮಲಗುತ್ತದೆ. ಮಲಗಿಯೇ ಇರುವಂತೆ ನೋಡಿಕೊಳ್ಳುವುದು ಕಷ್ಟ. ನನ್ನದು ಕಣ್ಣು ಮುಚ್ಚಿದ ಹಾಗೆ ಮಾಡಿ ಎದ್ದು ಕೂರುತ್ತಿತ್ತು. ಮಧ್ಯರಾತ್ರಿ ಕೋಣೆಯೆಲ್ಲ ಬೆಳಕು.

"ನೀವಿನ್ನೂ ಮಲಗಿಲ್ವಾ?" ಅಂತ ಹೆಂಡತಿ.

"ನಾನು ಮಲಗಿದೀನಿ. ಅದು ಮಲಗಿಲ್ಲ."

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಲಿನಕ್ಸಿನ ತಿರುಳಾದ ಕರ್ನಲ್ ಮೇಲೆ ಗೂಬೆ ಕೂರಿಸುತ್ತಾರೆ. ಆದರೆ ಕರ್ನಲ್ ಪಾಪ, ತನ್ನ ಲೆಕ್ಕ ಚೊಕ್ಕವಾಗಿ ಬರೆದಿಟ್ಟಿತ್ತು. ಆ ಲೆಕ್ಕ ತೋರಿಸುವ ಡಿಮೆಸೇಜ್ (dmesg) ಅನ್ನೋ ಕಮಾಂಡ್ ಕೊಟ್ಟು ನೋಡಿದರೆ 'ಸಸ್ಪೆಂಡ್ ಎಂಟ್ರಿ' ಅಂತ ಒಂದು ಸಾಲು, ಸ್ವಲ್ಪ ಕೆಳಗೇ 'ಸಸ್ಪೆಂಡ್ ಎಕ್ಸಿಟ್'. ಹೋದ ಪುಟ್ಟ ಬಂದ ಪುಟ್ಟ. ಎಬ್ಬಿಸಿದ್ದು ಯಾರು ಅನ್ನೋದು ಮಾತ್ರ ಅಲ್ಲಿರಲಿಲ್ಲ.

ಕರ್ನಲ್ ತನ್ನ ಒಳಗಿನ ಮಾಹಿತಿ ತೋರಿಸುವ ಪ್ರಾಕ್ (/proc) ಫೋಲ್ಡರಿನಲ್ಲಿ, ವಿದ್ಯುತ್ ನಿರ್ವಹಣೆಗೆ ಸೇರಿದ ಎಸಿಪಿಐ ಅನ್ನೋ ಫೋಲ್ಡರಿನ ಒಳಗೆ ವೇಕಪ್ ಅಂತ ಒಂದು ಫೈಲಿದೆ. ಮಲಗಿದ ಯಂತ್ರವನ್ನು ಎಬ್ಬಿಸುವ ಹಕ್ಕು ಯಾರ್ಯಾರಿಗಿದೆ ಅನ್ನುವ ಪಟ್ಟಿ ಅದು. ನನ್ನದರಲ್ಲಿ ಮುಚ್ಚಳಕ್ಕೊಂದು ಸಾಲು, ಎಕ್ಸ್‌ಎಚ್‌ಸಿ ಅನ್ನೋ ಯುಎಸ್‌ಬಿ ಕಂಟ್ರೋಲರಿಗೊಂದು ಸಾಲು (ಯುಎಸ್‌ಬಿ ಪೋರ್ಟುಗಳನ್ನು ನೋಡಿಕೊಳ್ಳುವುದು ಇದೇ). ಕಂಟ್ರೋಲರಿನ ಬೆನ್ನ ಹಿಂದೆ ಅಡಗಿದ್ದ ಅಸಲಿ ಆಸಾಮಿ ವೈರ್‌ಲೆಸ್ ಮೌಸಿನ ರಿಸೀವರ್. ಇರುವುದು ಉಗುರಿನಷ್ಟು. ಮೇಜು ಸ್ವಲ್ಪ ಅಲುಗಿದರೂ ಸಾಕು, "ಯಜಮಾನ್ರು ಬಂದ್ರು, ಏಳೋ" ಅಂತ ಲ್ಯಾಪ್‌ಟಾಪಿಗೆ ತಿವಿಯುತ್ತಿತ್ತು.

ರೂಟ್ ಆಗಿ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಬಳಕೆದಾರನಾಗಿ, ಆ ಫೈಲಿಗೆ 'ಎಕ್ಸ್‌ಎಚ್‌ಸಿ' ಅಂತ ಬರೆದರೆ ಹಕ್ಕು ರದ್ದು. ಅದನ್ನೇ ಇನ್ನೊಮ್ಮೆ ಬರೆದರೆ ಹಕ್ಕು ವಾಪಸ್! ಬೇಡ ಅಂತ ಒತ್ತಿ ಹೇಳಿದರೆ ಬೇಕು ಅಂತ ತಿಳಿದುಕೊಳ್ಳುವ ಫೈಲು. ಯಾವ ಮಾತನ್ನೂ ಎರಡೆರಡು ಸಲ ಹೇಳುವ ನನ್ನಂಥವರನ್ನು ನೋಡಿಯೇ ಮಾಡಿರಬೇಕು. ರೀಬೂಟ್ ಆದರೆ ಎಲ್ಲ ಮೊದಲಿನ ಹಾಗೇ. ಸಾಲದ್ದಕ್ಕೆ, ಕಂಟ್ರೋಲರಿನ ಬಾಯಿ ಮುಚ್ಚಿಸಿದರೆ ಯುಎಸ್‌ಬಿ ಕೀಬೋರ್ಡೂ ಯಂತ್ರವನ್ನು ಎಬ್ಬಿಸುವುದಿಲ್ಲ. ಒಬ್ಬ ಗಲಾಟೆ ಮಾಡಿದ ಅಂತ ಇಡೀ ಬೀದಿಗೆ ಕರ್ಫ್ಯೂ ಹಾಕಿದ ಹಾಗೆ.

ನನ್ನ ಕೇಳಿದರೆ, ಮೌಸನ್ನೊಂದೇ ಹಿಡಿಯುವುದು ವಾಸಿ. ಸಾಧನಗಳ ವಿವರ ಇರುವ ಸಿಸ್ (/sys) ಫೋಲ್ಡರಿನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಒಂದು ಪವರ್ ಫೋಲ್ಡರು, ಅದರೊಳಗೆ ರಿಸೀವರಿಗೂ ಒಂದು ವೇಕಪ್ ಫೈಲು. ಅಲ್ಲಿ 'ಡಿಸೇಬಲ್ಡ್' ಅಂತ ಬರೆದರೆ ಆಯ್ತು. ಎಷ್ಟು ಸಲ ಬರೆದರೂ ಇದು ಮಾತು ಬದಲಿಸುವುದಿಲ್ಲ, ಅಷ್ಟರಮಟ್ಟಿಗೆ ಸಭ್ಯ. ತೊಂದರೆ ಏನೆಂದರೆ ಆ ಫೋಲ್ಡರುಗಳಿಗೆ '1-2' ಥರದ ಹೆಸರು, ಅಂದರೆ ಪೋರ್ಟಿನ ನಂಬರು. ರಿಸೀವರನ್ನು ಪಕ್ಕದ ಪೋರ್ಟಿಗೆ ಚುಚ್ಚಿದರೆ ವಿಳಾಸವೇ ಬದಲು. ಬಾಡಿಗೆ ಕೊಡದೆ ಮನೆ ಬದಲಿಸಿದ ಆಸಾಮಿಯನ್ನು ಎಲ್ಲಿ ಅಂತ ಹುಡುಕೋದು? ಹಾಗಾಗಿ ಎಲ್‌ಎಸ್‌ಯುಎಸ್‌ಬಿ (lsusb) ಅನ್ನೋ, ಚುಚ್ಚಿದ ಸಾಧನಗಳ ಪಟ್ಟಿ ತೋರಿಸುವ ಕಮಾಂಡ್ ಕೊಟ್ಟು ರಿಸೀವರಿನ ತಯಾರಕರ ಐಡಿ, ಮಾಡೆಲ್ ಐಡಿ ಹೆಕ್ಕಿದೆ. ಒಂದೊಂದೂ 4 ಅಕ್ಷರ. ಎರಡನ್ನೂ ಸೇರಿಸಿ ಒಂದು ಯುಡೆವ್ (udev) ನಿಯಮ, ಅಂದರೆ ಆ ಸಾಧನ ಕಂಡ ಕೂಡಲೇ ತಾನಾಗಿ ಜಾರಿಯಾಗುವ ನಿಯಮ, ಬರೆದಿಟ್ಟೆ. ಈಗ ಯಾವ ಪೋರ್ಟಿಗೆ ಹೋದರೂ, ಎಷ್ಟು ಸಲ ರೀಬೂಟ್ ಆದರೂ ಅದಕ್ಕೆ ಬಾಯಿಲ್ಲ.

ಲ್ಯಾಪ್‌ಟಾಪ್ ಗಡದ್ದಾಗಿ ನಿದ್ದೆ ಮಾಡುತ್ತಿದೆ. ಎಬ್ಬಿಸುವ ಹಕ್ಕನ್ನು ಕೀಬೋರ್ಡಿಗೆ ಉಳಿಸಿದ್ದೇನೆ. ಮೇಜಿನ ಧೂಳು ಒರೆಸುವವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.