ಬ್ಯಾಂಕಾಕ್‌ನ ಮೊದಲ ಮೂರು ದಿನ ನೀರಿನ ಮೇಲೆ ಕಳೆಯಿರಿ

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಬ್ಯಾಂಕಾಕ್. ಆದರೂ ನಮ್ಮ ಕಡೆಯಿಂದ ಹೋಗುವ ಬಹುಪಾಲು ಜನ ಆ ಊರಿಗೆ ಕೊಡುವುದು ಒಂದೇ ದಿನ. ಅರಮನೆ, ಒಂದು ಮಾಲ್, ಒಂದು ರತ್ನದ ಅಂಗಡಿ ನೋಡಿ ಪಟ್ಟಾಯದ ಬಸ್ಸು ಹತ್ತಿಬಿಡುತ್ತಾರೆ. ಪ್ಯಾಕೇಜ್ ಬಿಟ್ಟು ಹೆಗಲಿಗೆ ಬ್ಯಾಗ್ ಹಾಕಿಕೊಂಡು ಒಬ್ಬರೇ ಹೋಗುವ ಹುಡುಗ ಹುಡುಗಿಯರು ಕೂಡ ಅದೇ ಪಟ್ಟಿಯನ್ನು ಟ್ಯಾಕ್ಸಿಯಲ್ಲಿ ಸುತ್ತಿ, ಟ್ರಾಫಿಕ್ಕನ್ನು ಬೈದುಕೊಂಡು ಬರುತ್ತಾರೆ. ನನ್ನ ಮಾತು ಇಷ್ಟೇ: ಬ್ಯಾಂಕಾಕ್ ನದಿ ಮತ್ತು ಕಾಲುವೆಗಳ ಮೇಲೆ ಬೆಳೆದ ಊರು. ಮೊದಲ ಮೂರು ದಿನ ದೋಣಿ ಮತ್ತು ರೈಲು ನಂಬಿ ಓಡಾಡಿ. ಊರೂ ಅರ್ಥವಾಗುತ್ತದೆ, ಖರ್ಚೂ ಅರ್ಧಕ್ಕಿಳಿಯುತ್ತದೆ.

ಹೊರಡುವ ಮುಂಚಿನ ಕೆಲಸ ಬೇಗ ಮುಗಿಸೋಣ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವ ಎಲ್ಲ ವಿದೇಶಿಯರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ದಿನಕ್ಕೆ ಮೂರು ದಿನ ಮುಂಚಿನಿಂದ ತುಂಬಬಹುದು, ಒಂದು ಪೈಸೆ ಖರ್ಚಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೇಲುಗಡೆ ಬರುವ ಕೆಲವು ಪುಟಗಳು ಇದಕ್ಕೇ ಡಾಲರ್ ಕೇಳುತ್ತವೆ, ಅವು ಸರ್ಕಾರದವಲ್ಲ. ಥಾಯ್ ಇಮಿಗ್ರೇಶನ್ ಇಲಾಖೆಯ ಪುಟದಲ್ಲೇ ತುಂಬಿ, ಬಂದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಭಾರತೀಯರಿಗೆ ವೀಸಾ ನಿಯಮ ಈಚೆಗೆ ಪದೇ ಪದೇ ಬದಲಾಗಿದೆ. ಗೆಳೆಯರು ಹೇಳಿದ್ದನ್ನು ನೆಚ್ಚದೆ, ಟಿಕೆಟ್ ಮಾಡುವ ದಿನ ರಾಯಭಾರ ಕಚೇರಿಯ ಪುಟ ನೋಡಿ. ವಾಪಸ್ ಟಿಕೆಟ್, ಹಾಸ್ಟೆಲ್ ಬುಕಿಂಗ್, ಕೈಯಲ್ಲಿ ಹಣ ಇದೆಯೇ ಎಂದು ಇಮಿಗ್ರೇಶನ್ ಕೌಂಟರ್‌ನಲ್ಲಿ ಕೇಳುವುದುಂಟು. ಬುಕಿಂಗ್‌ಗಳ ಪ್ರಿಂಟ್ ಜೊತೆಗಿರಲಿ.

ಕಾರ್ಡಿನ ವಿಷಯ ಬಹಳ ಜನ ಮರೆಯುತ್ತಾರೆ. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ, ರಿಸರ್ವ್ ಬ್ಯಾಂಕಿನ 2020ರ ನಿಯಮ ಅದು. ಬ್ಯಾಂಕಿನ ಆ್ಯಪ್‌ಗೆ ಹೋಗಿ ಇಂಟರ್‌ನ್ಯಾಶನಲ್ ಬಳಕೆಯನ್ನು ಎಟಿಎಂ, ಸ್ವೈಪ್, ಟ್ಯಾಪ್ ಮೂರಕ್ಕೂ ಬೇರೆಬೇರೆಯಾಗಿ ಆನ್ ಮಾಡಿ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇರಬೇಕು, ಇಲ್ಲವಾದರೆ ಅಲ್ಲಿ ನಿಂತು ಏನನ್ನೂ ಬದಲಿಸಲಾಗದು. ಥಾಯ್ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ. ಒಂದು ಬಾತ್ ಎಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ. ಸಾವಿರ ಸಾವಿರ ತೆಗೆಯುವ ಬದಲು ಬೇಕಾದ್ದನ್ನು ಒಮ್ಮೆಗೇ ತೆಗೆಯಿರಿ. ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಅದರ ದರ ಯಾವಾಗಲೂ ಕೆಟ್ಟದು. ನೋಟು ಒಯ್ಯುವವರು 100 ಡಾಲರಿನ ಹೊಸ ನೋಟು ಒಯ್ದರೆ ಒಳ್ಳೆಯ ದರ ಸಿಗುತ್ತದೆ, ರೂಪಾಯಿಗೆ ಸಿಗದು. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಆಗಮನದ ಹಾಲ್‌ನಲ್ಲಿ ಬದಲಿಸಬೇಡಿ. ನೆಲಮಾಳಿಗೆಯಲ್ಲಿ ರೈಲು ಹತ್ತುವ ಜಾಗದ ಬಳಿ ಇರುವ ಕೌಂಟರ್‌ಗಳಲ್ಲಿ ದರ ಎದ್ದು ಕಾಣುವಷ್ಟು ಮೇಲು.

ಇನ್ನು ಎಲ್ಲಕ್ಕಿಂತ ದೊಡ್ಡ ತೀರ್ಮಾನ: ಎಲ್ಲಿ ಉಳಿಯಬೇಕು. ಬ್ಯಾಕ್‌ಪ್ಯಾಕರ್ ಎಂದರೆ ಖಾವೊ ಸಾನ್ ರಸ್ತೆ ಎಂಬ ನಂಬಿಕೆ ಹಳೆಯದು. ಆ ರಸ್ತೆಗೆ ಮೆಟ್ರೊ ಇಲ್ಲ, ಸ್ಕೈಟ್ರೈನ್ (ಕಂಬಗಳ ಮೇಲೆ ಓಡುವ ರೈಲು) ಇಲ್ಲ, ಮಧ್ಯರಾತ್ರಿ ದಾಟುವವರೆಗೂ ಸ್ಪೀಕರ್ ನಿಲ್ಲುವುದಿಲ್ಲ. ಆ ಭಾಗವೇ ಬೇಕೆಂದರೆ ನದಿಯ ಕಡೆಗೆ ಹತ್ತು ನಿಮಿಷ ನಡೆದು ಫ್ರಾ ಆಥಿತ್ ಬೀದಿಯಲ್ಲಿ ಉಳಿಯಿರಿ, ದೋಣಿಕಟ್ಟೆ ಪಕ್ಕದಲ್ಲೇ ಇದೆ. ನನ್ನ ಆಯ್ಕೆ ಕೇಳಿದರೆ ಎರಡು ಜಾಗ ಹೇಳುತ್ತೇನೆ. ಹುವಾ ಲಂಫೋಂಗ್ ಮತ್ತು ಚೈನಾಟೌನ್ ಸುತ್ತಮುತ್ತ ಉಳಿದರೆ ಮೆಟ್ರೊದ ನೀಲಿ ಮಾರ್ಗ ಕಾಲಬುಡದಲ್ಲಿರುತ್ತದೆ, ಹಳೆಯ ಪೇಟೆಗೆ ಎರಡು ಮೂರು ನಿಲ್ದಾಣ. ಬೆಳಗಿನ ಜಾವ ಇಳಿಯುವವರಿಗೆ, ಬೆಳಗಿನ ಜಾವ ಹೊರಡುವವರಿಗೆ ಫಯಾ ಥಾಯ್–ರಾಚಥೇವಿ ವಾಸಿ. ಅಲ್ಲಿಗೆ ಏರ್‌ಪೋರ್ಟ್ ರೈಲು ನೇರ ಬರುತ್ತದೆ, ಸ್ಕೈಟ್ರೈನ್ ಅಲ್ಲೇ ಸಿಗುತ್ತದೆ, ಸೇನ್ ಸೇಪ್ ಕಾಲುವೆಯ ದೋಣಿಯೂ ನಡೆದುಹೋಗುವ ದೂರದಲ್ಲಿ. ಹಾಸ್ಟೆಲ್ ಪುಟದಲ್ಲಿ ‘ಕೇಂದ್ರ ಭಾಗ’ ಎಂದು ಬರೆದದ್ದನ್ನು ಲೆಕ್ಕಕ್ಕಿಡಬೇಡಿ. ಮ್ಯಾಪ್ ತೆರೆದು, ನಿಲ್ದಾಣದಿಂದ ನಡೆಯಲು ಎಷ್ಟು ನಿಮಿಷ ಎಂದು ನೋಡಿ. ಎಂಟು ನಿಮಿಷಕ್ಕಿಂತ ಹೆಚ್ಚಿದ್ದರೆ ಬಿಡಿ. ನೂರು ಬಾತ್ ಉಳಿಸಲು ದೂರದ ಸೋಯಿಯಲ್ಲಿ ಹಾಸಿಗೆ ಹಿಡಿದವರು ದಿನಕ್ಕೆ ಇನ್ನೂರು ಬಾತ್ ಬೈಕ್ ಟ್ಯಾಕ್ಸಿಗೆ ಸುರಿಯುತ್ತಾರೆ.

ಸೋಯಿ ಎಂದರೆ ಮುಖ್ಯರಸ್ತೆಯಿಂದ ಒಡೆಯುವ ಅಡ್ಡಬೀದಿ. ಒಂದು ಪಕ್ಕ ಬೆಸ ಸಂಖ್ಯೆ, ಎದುರು ಪಕ್ಕ ಸಮ ಸಂಖ್ಯೆ. ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ತಲೆಯಲ್ಲಿರಲಿ. ಸುಖುಮ್ವಿತ್‌ನಲ್ಲಿ ಸೋಯಿ 55ರ ಎದುರು ಬರುವುದು ಸೋಯಿ 38. ‘56 ಇಲ್ಲೇ ಎದುರಿಗಿರಬೇಕು’ ಎಂದು ಬ್ಯಾಗ್ ಹೊತ್ತು ರಸ್ತೆ ದಾಟಿದರೆ ಮೈಲಿಗಟ್ಟಲೆ ನಡೆಯಬೇಕಾದೀತು.

ಸುವರ್ಣಭೂಮಿಯಿಂದ ಊರಿಗೆ ಬರಲು ನೆಲಮಾಳಿಗೆಯ ಏರ್‌ಪೋರ್ಟ್ ರೈಲು ಸಾಕು. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾತ್, ಅರ್ಧ ಗಂಟೆ. ನೀಲಿ ಮೆಟ್ರೊ ಬೇಕಾದವರು ಮಕ್ಕಸಾನ್‌ನಲ್ಲಿ ಇಳಿದು ಸೇತುವೆ ದಾಟಿ ಫೆಚ್‌ಬುರಿ ನಿಲ್ದಾಣಕ್ಕೆ ಹೋಗಬೇಕು. ರಾತ್ರಿ ರೈಲು ಸೇವೆ ಮುಗಿದ ಮೇಲೆ ವಿಮಾನ ಇಳಿದರೆ ನೆಲಮಟ್ಟದ ಮಹಡಿಯ (ಅಲ್ಲಿನ ಲೆಕ್ಕದಲ್ಲಿ 1) ಟ್ಯಾಕ್ಸಿ ಸಾಲಿಗೆ ಹೋಗಿ, ಯಂತ್ರದಿಂದ ಚೀಟಿ ತೆಗೆದುಕೊಂಡು ಅದರಲ್ಲಿರುವ ನಂಬರಿನ ಕಟ್ಟೆಗೆ ನಡೆಯಿರಿ. ಮೀಟರ್ 35 ಬಾತ್‌ನಿಂದ ಶುರು. ಮೇಲೆ 50 ಬಾತ್ ವಿಮಾನ ನಿಲ್ದಾಣದ ಶುಲ್ಕ, ಟೋಲ್ ನಿಮ್ಮದೇ. ಹಾಲ್ ಒಳಗೇ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುವವರ ಹಿಂದೆ ಹೋಗಬೇಡಿ. ಅಗ್ಗದ ವಿಮಾನಗಳಲ್ಲಿ ಹಲವು ಇಳಿಯುವುದು ಡಾನ್ ಮುವಾಂಗ್‌ನಲ್ಲಿ. ಅಲ್ಲಿಂದ ಕೆಂಪು ಮಾರ್ಗದ ರೈಲಿದೆ, ಚತುಚಕ್ ಕಡೆಗೆ ಎ1 ಬಸ್ಸಿದೆ. ರಾತ್ರಿ ವಿಮಾನ ಹಿಡಿದವರು ಬೆಳಗಿನ ಜಾವವೇ ಊರೊಳಗಿರುತ್ತೀರಿ, ಹಾಸ್ಟೆಲ್ ಕೋಣೆ ಮಧ್ಯಾಹ್ನ ಎರಡರ ತನಕ ಸಿಗುವುದಿಲ್ಲ. ಬ್ಯಾಗ್ ಇಟ್ಟುಕೊಳ್ಳುತ್ತಾರೆಯೇ, ಸ್ನಾನಕ್ಕೆ ಬಿಡುತ್ತಾರೆಯೇ ಎಂದು ಮೊದಲೇ ಮೆಸೇಜ್ ಮಾಡಿ ಕೇಳಿ. ಬಹುತೇಕ ಕಡೆ ಒಪ್ಪುತ್ತಾರೆ.

ಸ್ಕೈಟ್ರೈನ್ ಮತ್ತು ಮೆಟ್ರೊ ಎರಡು ಬೇರೆ ವ್ಯವಸ್ಥೆಗಳು, ಟಿಕೆಟ್ ಬೇರೆ. ಬದಲಾಯಿಸುವ ನಿಲ್ದಾಣಗಳ ಹೆಸರೂ ಬೇರೆ ಇರುವುದರಿಂದ ಮೊದಲ ದಿನ ಗೊಂದಲವಾಗುತ್ತದೆ. ಸ್ಕೈಟ್ರೈನ್‌ನ ಅಸೋಕ್ ಎಂದರೆ ಮೆಟ್ರೊದ ಸುಖುಮ್ವಿತ್. ಸಾಲಾ ಡೇಂಗ್ ಎಂದರೆ ಸಿಲೋಮ್, ಮೊ ಚಿಟ್ ಎಂದರೆ ಚತುಚಕ್ ಪಾರ್ಕ್. ಮೆಟ್ರೊ ಗೇಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಟ್ಯಾಪ್ ಮಾಡಿದರೆ ಸಾಕು, ಒಳಗೆ ಹೋಗುವಾಗ ತೋರಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ತೋರಿಸಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ನಿಲ್ದಾಣಗಳಲ್ಲಿ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಕೇಳಿಬರುತ್ತದೆ. ಸುತ್ತಲಿನವರು ನಿಂತರೆ ನೀವೂ ನಿಲ್ಲಿ.

ಈಗ ನದಿಗೆ ಬರೋಣ. ಸ್ಕೈಟ್ರೈನ್‌ನಲ್ಲಿ ಸಫಾನ್ ತಾಕ್ಸಿನ್‌ಗೆ ಹೋಗಿ ಕೆಳಗಿಳಿದರೆ ಸಾಥೋರ್ನ್ ಕಟ್ಟೆ. ಅಲ್ಲಿ ನಿಮ್ಮ ಮುಖ ನೋಡಿದ ಕೂಡಲೇ ಪ್ರವಾಸಿ ದೋಣಿಯ ದಿನದ ಪಾಸ್ ಮಾರಲು ಕರೆಯುತ್ತಾರೆ. ನಿಮಗೆ ಬೇಕಾದ್ದು ಕಿತ್ತಳೆ ಬಾವುಟದ ದೋಣಿ. ಎಲ್ಲಿಗೇ ಹೋದರೂ 16 ಬಾತ್, ಊರಿನವರು ಆಫೀಸಿಗೆ, ಶಾಲೆಗೆ ಹೋಗುವುದು ಅದರಲ್ಲೇ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಇಳಿಯುವವರಿಗೆ ಜಾಗ ಬಿಟ್ಟು ತಕ್ಷಣ ಹತ್ತಿ, ಬ್ಯಾಗನ್ನು ಎದೆಯ ಕಡೆಗೆ ತಿರುಗಿಸಿ ಒಳಗೆ ಸರಿಯಿರಿ. ಬಾಗಿಲಲ್ಲಿ ನಿಂತರೆ ಎಲ್ಲರಿಗೂ ಅಡ್ಡಿ.

ಅರಮನೆಗೆ ಥಾ ಚಾಂಗ್ ಕಟ್ಟೆಯಲ್ಲಿ ಇಳಿಯಬೇಕು. ಬೆಳಿಗ್ಗೆ 8.30ಕ್ಕೆ ತೆರೆಯುವಾಗಲೇ ಅಲ್ಲಿರಿ, ಹತ್ತು ದಾಟಿದರೆ ಬಿಸಿಲೂ ಬಸ್ಸುಗಳ ಗುಂಪೂ ಒಟ್ಟಿಗೆ ಬರುತ್ತವೆ. ಟಿಕೆಟ್ 500 ಬಾತ್, ಮಾರಾಟ ಮಧ್ಯಾಹ್ನ 3.30ರ ತನಕ. ಭುಜ, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಚಡ್ಡಿ ನಡೆಯದು. ದಾರಿಯಲ್ಲಿ ನೀಟಾಗಿ ಬಟ್ಟೆ ತೊಟ್ಟ ಯಾರೋ ಬಂದು ‘ಇವತ್ತು ಪೂಜೆ, ಅರಮನೆ ಮಧ್ಯಾಹ್ನದ ತನಕ ಬಂದ್, ಅಷ್ಟರಲ್ಲಿ 40 ಬಾತ್‌ಗೆ ಟುಕ್‌ಟುಕ್‌ನಲ್ಲಿ ನಾಲ್ಕು ದೇವಸ್ಥಾನ ತೋರಿಸುತ್ತಾರೆ’ ಎನ್ನಬಹುದು. ಆ 40 ಬಾತ್‌ನಲ್ಲಿ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ನಿಮ್ಮನ್ನು ರತ್ನದಂಗಡಿಗೂ ಸೂಟು ಹೊಲಿಯುವ ಅಂಗಡಿಗೂ ಮುಟ್ಟಿಸಿದ್ದಕ್ಕೆ ಅಂಗಡಿಯವರು ಕೊಡುವ ಕಮಿಷನ್ನೇ ಚಾಲಕನ ಸಂಪಾದನೆ. ನಾ ಫ್ರಾ ಲಾನ್ ರಸ್ತೆಯ ಮುಖ್ಯ ದ್ವಾರದ ತನಕ ನಡೆದು ನೀವೇ ನೋಡಿಕೊಳ್ಳಿ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ನೀವು ಒಂದು ಗಂಟೆಯನ್ನು ಸುತ್ತಲಿನ ಮೊಗಸಾಲೆಗೆ ಮೀಸಲಿಡಿ. ಗೋಡೆಯುದ್ದಕ್ಕೂ 178 ಅಂಕಣಗಳಲ್ಲಿ ಥಾಯ್ ರಾಮಾಯಣ ರಾಮಕಿಯೆನ್‌ನ ಚಿತ್ರಗಳಿವೆ. ಉತ್ತರದ ಬಾಗಿಲಿನಿಂದ ಶುರುವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತದೆ, ನೆರಳೂ ಇದೆ. ಹಸಿರು ಮೈಯವನು ರಾಮ, ಬಿಳಿ ಕಪಿ ಹನುಮ, ಹತ್ತು ತಲೆಯ ತೊಸಕನ್ ನಮ್ಮ ದಶಕಂಠ. ಯಕ್ಷಗಾನ, ಹರಿಕಥೆ ಕೇಳಿ ಬೆಳೆದವರಿಗೆ ಗೈಡ್ ಬೇಕಿಲ್ಲ, ಕಥೆ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಸೇತುವೆ ಕಟ್ಟುವಾಗ ರಾವಣನ ಮಗಳಾದ ಮತ್ಸ್ಯಕನ್ಯೆ ಸುವನ್ನಮಚ್ಛಾ ಕಲ್ಲುಗಳನ್ನು ಹೊತ್ತೊಯ್ಯುತ್ತಾಳೆ. ಹನುಮ ಅವಳನ್ನು ಹಿಡಿಯಲು ಹೋಗಿ ಪ್ರೀತಿಗೆ ಬೀಳುತ್ತಾನೆ, ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ನಮ್ಮ ಬ್ರಹ್ಮಚಾರಿ ಹನುಮನನ್ನು ಬಲ್ಲವರು ಆ ಅಂಕಣವನ್ನು ಹುಡುಕಿ ನೋಡಲೇಬೇಕು.

ಅಲ್ಲಿಂದ ವಾಟ್ ಫೋಗೆ ನಡೆದೇ ಹೋಗಬಹುದು (ವಾಟ್ ಎಂದರೆ ಬೌದ್ಧ ದೇವಾಲಯ). 46 ಮೀಟರ್ ಉದ್ದದ ಮಲಗಿದ ಬುದ್ಧನ ಹಿಂಭಾಗದಲ್ಲಿ 108 ಕಂಚಿನ ಬಟ್ಟಲುಗಳು, ಜನ ಒಂದೊಂದಕ್ಕೂ ಒಂದು ನಾಣ್ಯ ಹಾಕುತ್ತ ಸಾಗುತ್ತಾರೆ. ಪಕ್ಕದ ಥಾ ತಿಯನ್ ಕಟ್ಟೆಯಿಂದ ಕೆಲವೇ ಬಾತ್‌ಗೆ ದೋಣಿ ಆಚೆ ದಡದ ವಾಟ್ ಅರುಣ್‌ಗೆ ದಾಟಿಸುತ್ತದೆ. ಮೂರನ್ನೂ ಒಂದೇ ದಿನ ಮಾಡಬಹುದು, ನಾಲ್ಕನೆಯದನ್ನು ಸೇರಿಸಬೇಡಿ.

ಎರಡನೆಯ ದಿನಕ್ಕೆ ಕಾಲುವೆ. ಸೇನ್ ಸೇಪ್ ಕಾಲುವೆಯನ್ನು 1837ರಿಂದ 1840ರ ನಡುವೆ ಥಾಯ್ ರಾಜ ಮೂರನೇ ರಾಮನ ಆಳ್ವಿಕೆಯಲ್ಲಿ ತೋಡಿದರು. ಇವತ್ತು ಅದು ಊರಿನ ನಡುವೆ ಟ್ರಾಫಿಕ್ ಇಲ್ಲದ ಏಕೈಕ ಹೆದ್ದಾರಿ. ಹಳೆಯ ಪೇಟೆಯ ಕಡೆಯ ಕಟ್ಟೆಯಿಂದ ಹೊರಟು ಪ್ರತುನಾಮ್‌ನಲ್ಲಿ ದೋಣಿ ಬದಲಿಸಬೇಕು, ಟಿಕೆಟ್ ಎಸೆಯಬೇಡಿ. ದೂರದ ಮೇಲೆ ದರ, ಇಪ್ಪತ್ತು ಬಾತ್ ಆಸುಪಾಸು. ಚಿಲ್ಲರೆ ಕೈಯಲ್ಲಿರಲಿ. ಹತ್ತುವಾಗ ಅಂಚಿನ ಮೇಲೆ ಕಾಲಿಟ್ಟು, ತೂಗಿರುವ ಹಗ್ಗ ಹಿಡಿದು ಒಳಗೆ ಇಳಿಯಬೇಕು. ಅಂಚಿನ ಸೀಟಿನಲ್ಲಿ ಕೂತವರ ಕೆಲಸವೊಂದಿದೆ: ಎದುರು ದೋಣಿ ಬಂದಾಗ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುವುದು. ಕಾಲುವೆ ನೀರು ಕೊಳಕು, ಕಣ್ಣಿಗೆ ಬಾಯಿಗೆ ಹಾರಬಾರದು. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನಲ್ಲೇ ನಡೆದು ಬಂದು ಹಣ ಕೇಳುತ್ತಾರೆ. ತಗ್ಗು ಸೇತುವೆ ಬಂದಾಗ ದೋಣಿಯ ಚಾವಣಿಯನ್ನೇ ಕೆಳಗಿಳಿಸುತ್ತಾರೆ, ಕೈ ತಲೆ ಒಳಗಿರಲಿ. ಕತ್ತಲಾದ ಮೇಲೆ ಸೇವೆ ಬೇಗ ನಿಲ್ಲುತ್ತದೆ. ಆದ್ದರಿಂದ ಸಂಜೆ ವಾಪಸಾತಿಗೆ ಇದನ್ನು ನಂಬಬೇಡಿ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಮುಖ್ಯವಾದ ಮಾತು. ‘ಮಾಂಸ ಬೇಡ’ ಎಂದರೆ ಮೀನಿನ ಸಾರವಾದ ನಾಮ್ ಪ್ಲಾ ಬಂದೇ ಬರುತ್ತದೆ, ಅವರ ಲೆಕ್ಕದಲ್ಲಿ ಅದು ಉಪ್ಪಿನ ಜಾಗದ್ದು. ಕರಿ ಪೇಸ್ಟ್‌ನಲ್ಲಿ ಸಿಗಡಿ ಅರೆದು ಹಾಕಿರುತ್ತಾರೆ, ತರಕಾರಿ ಕರಿ ಎಂದು ಬರೆದಿದ್ದರೂ ಅದೇ ಪೇಸ್ಟ್. ಹಸಿ ಪಪ್ಪಾಯಿಯ ಸೋಮ್ ತಮ್ ಕುಟ್ಟುವ ಒರಳಿನಲ್ಲಿ ಹಿಂದಿನವರ ಏಡಿ, ಸಿಗಡಿ ಉಳಿದಿರುತ್ತದೆ. ಕೇಳಬೇಕಾದದ್ದು ‘ಜೇ’ ಊಟ. ಅಂಗಡಿ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಥಾಯ್ ಅಕ್ಷರ, ದೂರದಿಂದ 17 ಎಂದು ಬರೆದಂತೆ ಕಾಣುತ್ತದೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ತಟ್ಟೆಯಲ್ಲಿ ಮಾಂಸದ ಹಾಗೇ ಕಾಣುವುದು ಸೋಯಾ ಅಥವಾ ಗೋಧಿಯದು, ಹೆದರಬೇಡಿ. ಬೇರೆ ಅಂಗಡಿಯಲ್ಲಿ ‘ಮಾಯ್ ಸಾಯ್ ನಾಮ್ ಪ್ಲಾ’ ಎಂದರೆ ಮೀನಿನ ಸಾರ ಬೇಡ ಎಂದು ಅರ್ಥವಾಗುತ್ತದೆ, ಆದರೆ ಬಾಣಲೆ ಅದೇ ಎಂಬುದು ಗೊತ್ತಿರಲಿ. ಕಟ್ಟುನಿಟ್ಟಿನವರು ಪಹುರತ್‌ನ ಪುಟ್ಟ ಭಾರತೀಯ ಪೇಟೆಗೆ ಹೋಗಿ, ಅಲ್ಲಿ ಗುರುದ್ವಾರವೂ ಇದೆ. ನಲ್ಲಿ ನೀರು ಕುಡಿಯಬೇಡಿ. ಬೀದಿ ಬದಿಯ ನೀರಿನ ಯಂತ್ರಕ್ಕೆ ಒಂದು ಬಾತ್ ನಾಣ್ಯ ಹಾಕಿದರೆ ಲೀಟರ್ ಆಸುಪಾಸು ಬಾಟಲಿ ತುಂಬುತ್ತದೆ.

ಮೂರನೆಯ ದಿನ ಶನಿವಾರ ಅಥವಾ ಭಾನುವಾರವಾದರೆ ಚತುಚಕ್ ಸಂತೆ. ಮೆಟ್ರೊದ ಕಂಫೇಂಗ್ ಫೆಟ್ ನಿಲ್ದಾಣದ 2ನೇ ದ್ವಾರ ನೇರ ಸಂತೆಯೊಳಗೇ ತೆರೆಯುತ್ತದೆ. ಹಿಡಿಸಿದ್ದನ್ನು ಅಲ್ಲೇ ಕೊಳ್ಳಿ, ಸುತ್ತಿ ಬಂದು ಅದೇ ಅಂಗಡಿ ಹುಡುಕುವುದು ಆಗದ ಕೆಲಸ. ವಾರದ ದಿನವಾದರೆ ಸಾವೊ ಚಿಂಗ್ ಚಾ (ದೈತ್ಯ ಉಯ್ಯಾಲೆ) ಬಳಿಯ ಬ್ರಾಹ್ಮಣ ಗುಡಿ, ನಂತರ ಚೈನಾಟೌನ್‌ನ ಓಣಿಗಳು.

ಮ್ಯಾಪಿನಲ್ಲಿ ಹತ್ತಿರ ಕಂಡರೂ ಸಂಜೆ 4ರಿಂದ 7ರವರೆಗೆ ಕಾರು ಹತ್ತಬೇಡಿ. ಮಳೆ ಬಂದರಂತೂ ಮೀಟರ್ ಹಾಕಲು ಯಾರೂ ಒಪ್ಪುವುದಿಲ್ಲ. ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಕೇಳುವವರ ಬಳಿ ಹೋಗಲೇಬೇಡಿ. ಇ-ಸಿಗರೇಟ್ ಅಲ್ಲಿ ನಿಷಿದ್ಧ, ಬ್ಯಾಗಿನಲ್ಲಿದ್ದರೆ ಮನೆಯಲ್ಲೇ ಬಿಡಿ. ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ.

ಅಲ್ಲಿಂದ ಮುಂದೆ ಚಿಯಾಂಗ್ ಮಾಯ್ ಅಥವಾ ದಕ್ಷಿಣದ ದ್ವೀಪಗಳ ಕಡೆಗೆ ರೈಲು ಹಿಡಿಯುವವರು ಟಿಕೆಟ್ ಮೇಲಿನ ನಿಲ್ದಾಣದ ಹೆಸರನ್ನು ಸರಿಯಾಗಿ ಓದಿ. 2023ರ ಜನವರಿಯಿಂದ ದೂರದ ರೈಲುಗಳು ಹೊರಡುವುದು ಕ್ರುಂಗ್ ಥೇಪ್ ಅಫಿವಾಟ್‌ನಿಂದ. ಹಳೆಯ ಬ್ಲಾಗುಗಳಲ್ಲಿ ಇನ್ನೂ ಹುವಾ ಲಂಫೋಂಗ್ ಎಂದೇ ಇದೆ. ನೀಲಿ ಮೆಟ್ರೊದಲ್ಲಿ ಬಾಂಗ್ ಸೂಗೆ ಹೋಗಿ ಮೇಲೇರಿದರೆ ಅದೇ ನಿಲ್ದಾಣ. ಬಹಳ ದೊಡ್ಡದು, ಹೊರಡುವ ಸಮಯಕ್ಕೆ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ.